ಮನಸ್ಸಿಲ್ಲದೆ ಹಾಡಿದರೆ ಅದು ಸ್ತುತಿ ಆಗುತ್ತದಾ? ಆರಾಧನೆಯ ಶಕ್ತಿ ಅಂದರೆ ನಿಜವಾಗಿ ಏನು?

ಮಲ್ಪೆಯವಳು ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ.

ನಮ್ಮದು ಬಾಸೆಲ್ ಮಿಷನ್ (ಯುರೋಪಿನಿಂದ ಬಂದ ಪ್ರೊಟೆಸ್ಟೆಂಟ್ ಮಿಷನರಿಗಳ ಸಂಸ್ಥೆ) ಕಾಲದಿಂದ ಬಂದ ಕುಟುಂಬ, ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ಮನೆಯಲ್ಲಿ ತುಳು, ಚರ್ಚಲ್ಲಿ ಕನ್ನಡ. ಅಪ್ಪ ಕೊಯರ್‌ನಲ್ಲಿ (ಚರ್ಚಿನ ಹಾಡುವ ತಂಡ) ಬೇಸ್, ಅಂದರೆ ಗಂಡಸರ ಅತಿ ಕೆಳಗಿನ ಸ್ವರ, ಹಾಡುತ್ತಿದ್ದರು. ಮಳೆಗಾಲಕ್ಕೆ ಸ್ವಲ್ಪ ಮೊದಲು ಅವರಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲಲ್ಲಿ ಬಲ ಇಲ್ಲ, ಮಾತು ನಿಂತಿದೆ. ನಾವು ಹೇಳುವುದೆಲ್ಲ ಅವರಿಗೆ ಗೊತ್ತಾಗುತ್ತದೆ. ಉತ್ತರ ಕೊಡಲು ಹೋದರೆ ಮಾತ್ರ ಬೇರೆಯೇ ಏನೋ ಶಬ್ದ ಬರುತ್ತದೆ, ಆಗ ಸಿಟ್ಟು ಬಂದು ಅಳುತ್ತಾರೆ.

ನನ್ನ ಮಂಡೆಬಿಸಿ ನೋಡಿ ಆಫೀಸಿನ ಗೆಳತಿ ಮಂಗಳೂರಿನ ಒಂದು ಫೆಲೋಶಿಪ್‌ಗೆ (ಪ್ರಾರ್ಥನೆಯ ಕೂಟ) ಕರೆದುಕೊಂಡು ಹೋದಳು. ಡ್ರಮ್ಸ್, ಗಿಟಾರ್, ಕೈ ಎತ್ತಿ ಹಾಡುವ ಜನ. ನಮ್ಮ ಚರ್ಚಲ್ಲಿ ಪುಸ್ತಕ ಹಿಡಿದು ನೇರ ನಿಂತು ಹಾಡಿ ಅಭ್ಯಾಸ ಇದ್ದ ನನಗೆ ಅಲ್ಲಿ ಏನೋ ಆಯಿತು. ಅಪ್ಪ ಆಸ್ಪತ್ರೆ ಸೇರಿದಾಗಿನಿಂದ ಅಳದೆ ಇಟ್ಟುಕೊಂಡದ್ದೆಲ್ಲ ಒಟ್ಟಿಗೆ ಬಂತು. ದೇವರು ಹತ್ತಿರ ಇದ್ದಾರೆ ಅಂತ ಅನ್ನಿಸಿತು. ಅದು ಸುಳ್ಳು ಅಂತ ನಾನು ಹೇಳಲಾರೆ.

ಆಮೇಲೆ ಕೆಲವು ಸಲ ಹೋದೆ. ಕೊನೆಯ ಸಲ ಅಪ್ಪನ ವಿಷಯ ಹೇಳಿ ಪ್ರಾರ್ಥನೆ ಕೇಳಿದಾಗ ಅಲ್ಲಿ ಹಾಡು ನಡೆಸುವವರು ಒಬ್ಬರು, ನಿಮ್ಮ ಮನೆಯಲ್ಲಿ ಸ್ತುತಿ ಸಾಲದು, ಗೊಣಗುವುದು ಜಾಸ್ತಿ, ಅದಕ್ಕೇ ಕಟ್ಟು (ಬಂಧನ) ಬಿಡುತ್ತಿಲ್ಲ ಅಂದರು. ಅವತ್ತಿನಿಂದ ನನಗೆ ಬಾಯಿ ತೆರೆಯಲು ಆಗುತ್ತಿಲ್ಲ. ಅಪ್ಪನ ಬಟ್ಟೆ ಬದಲಿಸುವಾಗ, ರಾತ್ರಿ ಅವರನ್ನು ಮಗ್ಗುಲು ತಿರುಗಿಸುವಾಗ ಸುಮ್ನೆ ಹಾಡಲು ಪ್ರಯತ್ನ ಮಾಡುತ್ತೇನೆ, ಒಳಗೆ ಏನೂ ಇಲ್ಲ. ಭಾನುವಾರ ನಮ್ಮ ಚರ್ಚಲ್ಲೂ ಬಾಯಿ ಮಾತ್ರ ಆಡುತ್ತದೆ.

ಕೇಳಬೇಕಾದ್ದು ಇಷ್ಟೇ. ಅವತ್ತು ನನಗೆ ಆದದ್ದು ದೇವರದ್ದಾ, ಸಂಗೀತದ್ದಾ? ಮನಸ್ಸಲ್ಲಿ ಸಂತೋಷ ಇಲ್ಲದೆ ಸ್ತುತಿ ಮಾಡಿದರೆ ಅದು ನಾಟಕ ಅಲ್ವಾ? ಮತ್ತೆ, ಸ್ತುತಿಯಲ್ಲಿ ಶಕ್ತಿ ಉಂಟು ಅಂತ ಎಲ್ಲರೂ ಹೇಳುತ್ತಾರಲ್ಲ, ಯಾವ ಶಕ್ತಿ ಅದು?

---

ಕೀಬೋರ್ಡ್_ಕಂಕನಾಡಿ:

ಸಿಸ್ಟರ್, ಮೊದಲು ಆ ಮಾತಿನ ವಿಷಯ. ಯಾರೇ ಹೇಳಿರಲಿ, ಅದು ತಪ್ಪು. ಯೋಹಾನ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದು ಇದೇ ಥರದ ಪ್ರಶ್ನೆ. ತಪ್ಪು ಯಾರದ್ದು, ಇವನದ್ದಾ, ಅಪ್ಪ ಅಮ್ಮನದ್ದಾ? ಯೇಸು ಸ್ವಾಮಿ ಎರಡೂ ಅಲ್ಲ ಅಂದುಬಿಟ್ಟರು. ಸ್ಟ್ರೋಕ್ ಆದ ಮನೆಗೆ ಹೋಗಿ ಲೆಕ್ಕ ಕೇಳುವ ಅಧಿಕಾರ ಮೈಕ್ ಹಿಡಿದವರಿಗೆ ಯಾರೂ ಕೊಟ್ಟಿಲ್ಲ.

ನಾನು ಆರಾಧನೆಗೆ ಕೀಬೋರ್ಡ್ ನುಡಿಸುವವನು. ಹಾಡುಗಳನ್ನು ಹೇಗೆ ಜೋಡಿಸುತ್ತೇವೆ ಅಂತ ಬಿಚ್ಚಿ ಹೇಳುತ್ತೇನೆ. ಮೊದಲು ಚಪ್ಪಾಳೆಯ ಹಾಡು, ಆಮೇಲೆ ನಿಧಾನದ್ದು. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸಿ ಶ್ರುತಿ ಒಂದು ಮೆಟ್ಟಿಲು ಏರಿಸಿದರೆ ಜನರ ಎದೆ ತುಂಬಿ ಬರುತ್ತದೆ. ಪ್ರಾರ್ಥನೆ ಮಾಡುವಾಗ ಹಿಂದೆ ಮೆತ್ತಗೆ ಕಾರ್ಡ್ ಹಿಡಿದಿದ್ದರೆ ಕಣ್ಣೀರು ಬೇಗ ಬರುತ್ತದೆ. ಇದು ಎಲ್ಲ ಸಂಗೀತಕ್ಕೂ ಇರುವ ಗುಣ, ಸಿನಿಮಾ ಹಾಡಿಗೂ ಉಂಟು. 2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಒಟ್ಟಿಗೆ ಹಾಡುವವರ ಎದೆಬಡಿತ ಅಳೆದು ನೋಡಿದರು. ಸ್ತುತಿಗೀತೆ ಹಾಡುವಾಗ ಉಸಿರಾಟ ಒಂದೇ ಲಯಕ್ಕೆ ಬರುತ್ತದೆ, ಅದರ ಜೊತೆ ಎದೆಬಡಿತದ ಏರಿಳಿತವೂ ಹೊಂದಿಕೊಳ್ಳುತ್ತದೆ ಅಂತ ಕಂಡಿತು. ನೂರು ಜನರ ನಡುವೆ ನಿಂತು ಹಾಡಿದಾಗ ನಿಮಗೆ ಒಂಟಿತನ ಹೋಯಿತು ಅನ್ನಿಸಿದ್ದಕ್ಕೆ ದೇಹದಲ್ಲೂ ಕಾರಣ ಉಂಟು.

ಹಾಗಾದರೆ ಅದು ಬರೀ ಸಂಗೀತವಾ? ನಾನು ಹಾಗೆ ಹೇಳುವುದಿಲ್ಲ. ಉಸಿರು, ಕಿವಿ, ಎದೆ ಕೊಟ್ಟದ್ದು ಅದೇ ದೇವರಲ್ವಾ, ಅದರ ಮೂಲಕವೇ ನಿಮ್ಮನ್ನು ಮುಟ್ಟಿದರೆ ತಪ್ಪೇನು? ಸಂಗೀತ ಒಂದು ಬಾಗಿಲು. ಬಾಗಿಲನ್ನೇ ದೇವರು ಅಂತ ತಿಳಿದವರಿಗೆ ಕಷ್ಟ ಶುರುವಾಗುತ್ತದೆ, ಯಾಕೆಂದರೆ ಕರೆಂಟ್ ಹೋಗಿ ಸ್ಪೀಕರ್ ಬಂದ್ ಆದ ದಿನ ದೇವರೂ ಹೋದರು ಅನ್ನಿಸುತ್ತದೆ. ಸೌಲನ ಕಥೆ ನೋಡಿ. 1 ಸಮುವೇಲ 16ರಲ್ಲಿ ದಾವೀದ ಕಿನ್ನರಿ ನುಡಿಸಿದರೆ ಸೌಲನಿಗೆ ಸಮಾಧಾನ ಆಗುತ್ತಿತ್ತು. ಎರಡು ಅಧ್ಯಾಯ ದಾಟಿದರೆ ಅದೇ ದಾವೀದ ಅದೇ ರೀತಿ ನುಡಿಸುತ್ತಿದ್ದಾನೆ, ಸೌಲ ಅವನ ಮೇಲೆ ಈಟಿ ಎಸೆಯುತ್ತಾನೆ. ನುಡಿಸುವವನೂ ಬದಲಾಗಿಲ್ಲ, ವಾದ್ಯವೂ ಬದಲಾಗಿಲ್ಲ. ಕೇಳುವವನ ಒಳಗೆ ಹೊಟ್ಟೆಕಿಚ್ಚು ಕೂತಿತ್ತು.

ಅವತ್ತು ನಿಮಗೆ ಆದದ್ದು ದೇವರದ್ದಾ ಅಂತ ತಿಳಿಯಲು ಅಳು ಎಷ್ಟು ಬಂತು ಅಂತ ನೋಡಬೇಡಿ. ಮನೆಗೆ ಬಂದ ಮೇಲೆ ಅಪ್ಪನ ಹತ್ತಿರ ಕೂರಲು ಸ್ವಲ್ಪ ಜಾಸ್ತಿ ತಾಳ್ಮೆ ಬಂತಾ? ಬಂದಿದ್ದರೆ ಅದನ್ನು ಕೃತಜ್ಞತೆಯಿಂದ ಇಟ್ಟುಕೊಳ್ಳಿ, ಆ ಒಬ್ಬರು ಆಡಿದ ಮಾತಿಗಾಗಿ ಅದನ್ನು ಬಿಸಾಡಬೇಡಿ.

---

ಕಾರ್ಕಳ_ಬ್ರದರ್:

ದೇವರಿಗೆ ಸ್ತೋತ್ರ. ನಾನು ಪೆಂತೆಕೊಸ್ತ ಸಭೆಯವನು. ಕೀಬೋರ್ಡ್ ಬ್ರದರ್ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಆದರೆ ಎದೆಬಡಿತ, ಕಾರ್ಡ್ ಅಂತ ಹೇಳುತ್ತಾ ಹೋದರೆ ಸ್ತುತಿಯಲ್ಲಿ ನಿಜವಾದ ಬಲ ಉಂಟು ಅನ್ನುವುದೇ ಮರೆತುಹೋಗುತ್ತದೆ. ಬಲ ಉಂಟು ಸಿಸ್ಟರ್. ನಾನು ನೋಡಿದ್ದೇನೆ. ಕುಡಿತ ಬಿಡಲು ಆಗದೆ ಮನೆ ಹಾಳು ಮಾಡಿಕೊಂಡವರು ಸ್ತುತಿಯ ನಡುವೆ ಮೊಣಕಾಲೂರಿ ಎದ್ದು ಬೇರೆ ಮನುಷ್ಯರಾಗಿ ಬದುಕಿದ್ದನ್ನು ಹತ್ತಿರದಿಂದ ಕಂಡಿದ್ದೇನೆ.

ನಮ್ಮಲ್ಲಿ ಜಾಸ್ತಿ ಹೇಳುವ ಎರಡು ಭಾಗಗಳನ್ನೇ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ನಿಮಗೆ ಆ ಮಾತು ಹೇಳಿದವರ ತಲೆಯಲ್ಲೂ ಇವೇ ಇದ್ದಿರಬೇಕು.

2 ಪೂರ್ವಕಾಲವೃತ್ತಾಂತ 20. ಯೆಹೋಷಾಫಾಟ ರಾಜ ಸೈನ್ಯದ ಮುಂದೆ ಹಾಡುವವರನ್ನು ಕಳಿಸಿದ, ಶತ್ರುಗಳು ಒಬ್ಬರನ್ನೊಬ್ಬರು ಕೊಂದುಕೊಂಡರು. ಇಷ್ಟು ಎಲ್ಲರೂ ಹೇಳುತ್ತಾರೆ. ಅದೇ ಅಧ್ಯಾಯದ ಶುರುವಿನಲ್ಲಿ ರಾಜ ಹೆದರಿದ ಅಂತ ನೇರವಾಗಿ ಬರೆದಿದೆ. ಉಪವಾಸಕ್ಕೆ ಕರೆದ, ಹೆಂಡತಿ ಮಕ್ಕಳ ಸಮೇತ ಜನ ಬಂದು ನಿಂತರು, ಏನು ಮಾಡಬೇಕೋ ನಮಗೆ ತಿಳಿಯದು, ನಮ್ಮ ಕಣ್ಣು ನಿನ್ನ ಮೇಲೆ ಉಂಟು ಅಂತ ರಾಜನೇ ಎಲ್ಲರ ಮುಂದೆ ಹೇಳಿಕೊಂಡ. ಆಮೇಲೆ ಯಹಜೀಯೇಲ ಅನ್ನುವ ಲೇವಿಯನ ಬಾಯಿಂದ ದೇವರ ಮಾತು ಬಂತು. ಹಾಡು ಬಂದದ್ದು ಅದಾದ ಮೇಲೆ. ಹೆದರಿಕೆಯನ್ನು ಬಚ್ಚಿಟ್ಟು ಅವರು ಹಾಡಲಿಲ್ಲ. ಹಾಡಿ ದೇವರನ್ನು ಒಪ್ಪಿಸಲೂ ಹೋಗಲಿಲ್ಲ. ಕೊಟ್ಟ ಮಾತನ್ನು ನಂಬಿ ಹೆಜ್ಜೆ ಇಟ್ಟರು.

ಇನ್ನೊಂದು ಅಪೊಸ್ತಲರ ಕೃತ್ಯಗಳು 16. ಫಿಲಿಪ್ಪಿಯ ಜೈಲಲ್ಲಿ ಪೌಲ, ಸೀಲರು ಮಧ್ಯರಾತ್ರಿ ಹಾಡಿದರು, ಭೂಕಂಪ ಆಯಿತು, ಬೇಡಿ ಕಳಚಿತು. ಹೌದು. ಆದರೆ ಬಾಗಿಲು ತೆರೆದ ಮೇಲೆ ಅವರು ಓಡಿಹೋಗಲಿಲ್ಲ! ಅಲ್ಲೇ ಕೂತಿದ್ದರು. ಬಿಡುಗಡೆಗೋಸ್ಕರವೇ ಹಾಡಿದ್ದರೆ ಓಡುತ್ತಿದ್ದರಲ್ವಾ? ಅವತ್ತು ಉಳಿದದ್ದು ಕಾವಲುಗಾರನ ಜೀವ ಮತ್ತು ಅವನ ಮನೆ. ಅದೇ ಪುಸ್ತಕದ 12ನೇ ಅಧ್ಯಾಯಕ್ಕೆ ಹೋಗಿ. ಪೇತ್ರ ಜೈಲಲ್ಲಿ ಹಾಡುತ್ತಿರಲಿಲ್ಲ, ನಿದ್ದೆ ಮಾಡುತ್ತಿದ್ದ. ಹೊರಗೆ ಸಭೆಯವರು ಅವನಿಗಾಗಿ ಪ್ರಾರ್ಥನೆ ಮಾಡುತ್ತಿದ್ದರು. ಅವನ ಬೇಡಿಯೂ ಬಿತ್ತು. ಅದೇ ಅಧ್ಯಾಯದ ಆರಂಭದಲ್ಲಿ ಇನ್ನೊಬ್ಬ ಅಪೊಸ್ತಲ ಯಾಕೋಬ ಕತ್ತಿಯಿಂದ ಸತ್ತ. ಅವನ ಸ್ತುತಿ ಕಡಿಮೆ ಬಿತ್ತು ಅಂತ ಬೈಬಲ್ ಎಲ್ಲಿಯೂ ಹೇಳುವುದಿಲ್ಲ.

ನೀವು ಈಗ ಪೇತ್ರನ ಹಾಗೆ ಸುಸ್ತಾಗಿ ಮಲಗಿದವರು ಅಂತ ತಿಳಿದುಕೊಳ್ಳಿ. ಹಾಡುವ ಕೆಲಸ ಬೇರೆಯವರು ಮಾಡಲಿ.

ಇನ್ನೊಂದು ಹೇಳಬೇಕು, ನಮ್ಮ ಊರಿನ ಹೆಮ್ಮೆ ಇದು. ಪಂಡಿತಾ ರಮಾಬಾಯಿ ಅವರ ತಂದೆ ಅನಂತಶಾಸ್ತ್ರಿಗಳು ನಮ್ಮ ಕಾರ್ಕಳ ಕಡೆಯ ಮಾಳದವರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಗಂಗಾಮೂಲದ ಕಾಡಲ್ಲಿ. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಅವರು ನಡೆಸಿದ ಮುಕ್ತಿ ಮಿಷನ್‌ನಲ್ಲಿ 1905ರಲ್ಲಿ ದೊಡ್ಡ ಉಜ್ಜೀವನ (ರಿವೈವಲ್) ಆಯಿತು. ಹುಡುಗಿಯರು ಅಳುತ್ತಾ, ಗಟ್ಟಿಯಾಗಿ ಪ್ರಾರ್ಥಿಸುತ್ತಾ ಇದ್ದರು. ಪೆಂತೆಕೊಸ್ತ ಚಳವಳಿಯ ಆರಂಭ ಅಂತ ಬಹಳ ಜನ ಹೇಳುವ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಸಭೆಗಳು ಶುರುವಾದದ್ದು 1906ರಲ್ಲಿ, ಅಂದರೆ ಇದರ ನಂತರ. ಆ ಹುಡುಗಿಯರು ಯಾರು ಗೊತ್ತಾ? ಬರಗಾಲದಲ್ಲಿ ಅನಾಥರಾದವರು, ಚಿಕ್ಕ ವಯಸ್ಸಿನ ವಿಧವೆಯರು. ರಮಾಬಾಯಿ ಅವರನ್ನು ಕರೆತಂದು ಅನ್ನ ಹಾಕಿ, ಅಕ್ಷರ ಕಲಿಸಿ, ಕೈಕೆಲಸ ಕಲಿಸಿದ ಮನೆಯಲ್ಲೇ ಆ ಸ್ತುತಿ ಎದ್ದದ್ದು. ಹಾಗಾಗಿ ಅಪ್ಪನ ಬಟ್ಟೆ ಬದಲಿಸುವ ಹೊತ್ತನ್ನು ಆರಾಧನೆಯಿಂದ ಬೇರೆ ಮಾಡಿ ನೋಡಬೇಡಿ. ಇಬ್ರಿಯ 13ರಲ್ಲಿ ತುಟಿಯಿಂದ ಸಲ್ಲಿಸುವ ಸ್ತೋತ್ರಯಜ್ಞದ ಮಾತು ಬಂದ ಮರು ವಚನದಲ್ಲೇ ಒಳ್ಳೆಯದನ್ನು ಮಾಡುವುದೂ, ಹಂಚಿಕೊಳ್ಳುವುದೂ ದೇವರಿಗೆ ಮೆಚ್ಚಿಗೆಯ ಯಜ್ಞ ಅಂತ ಬರೆದಿದೆ. ಮೊದಲ ವಚನ ಹೇಳಿ ಎರಡನೆಯದನ್ನು ಬಿಡುವವರು ಬಹಳ ಜನ.

---

ಶಿರ್ವದ_ಮಾಸ್ಟ್ರು:

ನಾನು ಕಥೋಲಿಕ, ಮನೆಮಾತು ಕೊಂಕಣಿ. ಮುಲ್ಕಿಯ ಡಿವೈನ್ ಕಾಲ್ ಸೆಂಟರ್‌ನ ರಿಟ್ರೀಟ್‌ಗೆ ಹೋಗಿ ಬಂದವನು, ಕೈ ತಟ್ಟಿ ಹಾಡುವ ಸಂತೋಷ ನನಗೂ ಗೊತ್ತು. ನಿಮ್ಮ ಎರಡನೇ ಪ್ರಶ್ನೆಗೆ ಮಾತ್ರ ಬರೆಯುತ್ತೇನೆ ಮಗಳೇ. ಸಂತೋಷ ಇಲ್ಲದೆ ಹಾಡಿದರೆ ನಾಟಕವಾ ಅಂತ ಕೇಳಿದಿರಿ.

ನಮ್ಮಲ್ಲಿ ತಪಸ್ಸು ಕಾಲ ಶುರುವಾದರೆ ಪೂಜೆಯಲ್ಲಿ ಅಲ್ಲೆಲೂಯ ಹಾಡುವುದಿಲ್ಲ. ಬೂದಿ ಬುಧವಾರದಿಂದ ಈಸ್ಟರ್ ಜಾಗರಣೆಯವರೆಗೆ ಆ ಪದವೇ ಬರುವುದಿಲ್ಲ. ನಂಬಿಕೆ ಕಡಿಮೆ ಆಯಿತು ಅಂತ ಇದರ ಅರ್ಥ ಅಲ್ಲ. ಅಲ್ಲೆಲೂಯಕ್ಕೆ ಕಾಯುವ ಕಾಲವೂ ಆರಾಧನೆಯ ಒಳಗೇ ಉಂಟು ಅಂತ ನೂರಾರು ವರ್ಷಗಳಿಂದ ಧರ್ಮಸಭೆ ನಡೆಸಿಕೊಂಡು ಬಂದಿದೆ. ಇಡೀ ಸಭೆಯೇ ಪ್ರತಿ ವರ್ಷ ಇಷ್ಟು ದಿನ ಹೀಗೆ ಇರಬಹುದಾದರೆ, ಅಪ್ಪನ ಹಾಸಿಗೆ ಪಕ್ಕ ಕೂತ ನಿಮಗೆ ಒಂದು ತಪಸ್ಸು ಕಾಲ ಬಂದದ್ದು ಪಾಪ ಆಗುವುದು ಹೇಗೆ?

ದೇವರು ಸ್ತುತಿಯ ಸಿಂಹಾಸನದ ಮೇಲೆ ಕೂತಿದ್ದಾರೆ ಅಂತ ಫೆಲೋಶಿಪ್‌ಗಳಲ್ಲಿ ಬಹಳ ಹೇಳುತ್ತಾರೆ. ಕೀರ್ತನೆ 22ರ ಮಾತು ಅದು. ಆ ಕೀರ್ತನೆ ಹೇಗೆ ಶುರುವಾಗುತ್ತದೆ ನೋಡಿ. ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ? ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿದ ಮಾತೇ ಅದು. ಕೈಬಿಟ್ಟೆಯಲ್ಲಾ ಅಂತ ಕೂಗಿದವನೇ ಎರಡು ವಚನ ದಾಟುವಾಗ ನೀನು ಪರಿಶುದ್ಧ, ಸ್ತುತಿಯ ಮೇಲೆ ಆಸೀನನಾದವನು ಅನ್ನುತ್ತಾನೆ. ಅಷ್ಟು ಹೇಳಿ ಮತ್ತೆ ನಾನು ಹುಳ, ಮನುಷ್ಯನಲ್ಲ ಅಂತ ಅಳುತ್ತಾನೆ. ಇವನ ಹಾಡನ್ನು ಯಾರೂ ನಾಟಕ ಅನ್ನಲಿಲ್ಲ. ದೇವಾಲಯದಲ್ಲಿ ಹಾಡಲು ಎತ್ತಿಟ್ಟರು.

ಇನ್ನೂ ಕಠಿಣದ್ದು ಬೇಕಾದರೆ ಕೀರ್ತನೆ 88 ಓದಿ. ಬೇರೆ ಹೆಚ್ಚಿನ ಕೀರ್ತನೆಗಳಲ್ಲಿ ಎಷ್ಟು ಅತ್ತರೂ ಕೊನೆಗೆ ಒಂದು ತಿರುವು ಬರುತ್ತದೆ. ಇದರಲ್ಲಿ ಬರುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದರ ತಲೆಬರಹದಲ್ಲಿ ದೇವಾಲಯದ ಹಾಡುಗಾರರಾದ ಕೋರಹೀಯರ ಹೆಸರು ಉಂಟು, ಹಾಡು ನಡೆಸುವವನಿಗೆ ಸೂಚನೆಯೂ ಉಂಟು. ಅಂದರೆ ಯಾರೋ ಇದಕ್ಕೆ ರಾಗ ಹಾಕಿ, ಅಭ್ಯಾಸ ಮಾಡಿ, ಸಭೆಯ ಮುಂದೆ ನಿಂತು ಹಾಡಿದ್ದಾರೆ. ಇದನ್ನೂ ಸ್ತುತಿಯ ಪುಸ್ತಕದೊಳಗೇ ಇಟ್ಟಿದ್ದಾರೆ. ಎಲ್ಲ ಗೋಳನ್ನೂ ಹೇಳಿಕೊಂಡದ್ದು ದೇವರ ಮುಖ ನೋಡಿಯೇ. ಬೆನ್ನು ತಿರುಗಿಸಿ ಹೋಗಲಿಲ್ಲ.

ನನ್ನ ಮಟ್ಟಿಗೆ ಸ್ತುತಿಯ ಶಕ್ತಿ ಅಲ್ಲೇ ಇರುವುದು. ಅದು ದೇವರ ಮನಸ್ಸು ತಿರುಗಿಸುವ ಉಪಾಯ ಅಲ್ಲ. ನೋವು ಬಂದಾಗ ಮನುಷ್ಯ ತನ್ನೊಳಗೇ ಮುದುಡಿಕೊಳ್ಳುತ್ತಾನೆ, ಅವನ ಲೋಕ ಒಂದು ಕೋಣೆಯಷ್ಟು ಸಣ್ಣದಾಗುತ್ತದೆ. ಸ್ತುತಿ ಅವನ ಮುಖವನ್ನು ಎತ್ತಿ ದೇವರ ಕಡೆ ತಿರುಗಿಸುತ್ತದೆ, ಕಣ್ಣೀರು ಇದ್ದ ಹಾಗೇ. ಕಡೇ ಭೋಜನದ ರಾತ್ರಿ ಯೇಸುಸ್ವಾಮಿ, ಶಿಷ್ಯರು ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೋದರು ಅಂತ ಮಾರ್ಕ 14ರಲ್ಲಿ ಉಂಟು. ಪಾಸ್ಕ ಊಟದ ಕೊನೆಗೆ ಯೆಹೂದ್ಯರು ಹಾಡುವುದು 113ರಿಂದ 118ರ ಗುಂಪಿನ ಕೀರ್ತನೆಗಳು, ದೇವರ ಪ್ರೀತಿ ಶಾಶ್ವತ ಅಂತ ಕೊನೆಯಾಗುವಂಥವು. ಅದನ್ನು ಹಾಡಿಯೇ ಅವರು ಗೆತ್ಸೆಮನೆಗೆ ನಡೆದದ್ದು. ಹಾಡಿದ್ದಕ್ಕೆ ಆ ಕಷ್ಟದ ಪಾತ್ರೆ ತಪ್ಪಲಿಲ್ಲ. ಅದನ್ನು ಕುಡಿಯಲು ನಿಂತರು.

ಸಂತ ಅಗಸ್ಟೀನರಿಗೂ ನಿಮ್ಮ ಮೊದಲ ಪ್ರಶ್ನೆ ಇತ್ತು, ಸುಮಾರು 1600 ವರ್ಷಗಳ ಹಿಂದೆ. ಹಾಡಿನ ಮಾತಿಗಿಂತ ರಾಗವೇ ನನ್ನನ್ನು ಜಾಸ್ತಿ ಸೆಳೆಯುತ್ತಿದೆಯಲ್ಲಾ ಅಂತ ತಮ್ಮ ಆತ್ಮಕಥೆಯಲ್ಲಿ ಬಹಳ ಒದ್ದಾಡಿದ್ದಾರೆ. ಕೊನೆಗೆ ಹಾಡು ಸಭೆಯಲ್ಲಿ ಇರಲಿ ಅಂತಲೇ ಅಂದರು, ಬಲಹೀನ ಮನಸ್ಸಿಗೆ ಅದು ಆಸರೆ ಅಂತ. ಆಸರೆ ಬೇಕಾದಾಗ ಹಿಡಿದುಕೊಳ್ಳುವುದರಲ್ಲಿ ನಾಚಿಕೆ ಇಲ್ಲ.

---

ಬಲ್ಮಠದ_ಆಂಟಿ:

ಮಗಾ, ನಿನ್ನ ಅಪ್ಪ ಬೇಸ್ ಹಾಡುತ್ತಿದ್ದರು ಅಂತ ಓದಿದ ಕೂಡಲೇ ಬರೆಯಬೇಕು ಅನ್ನಿಸಿತು. ನಾನೂ ಕೊಯರ್‌ನಲ್ಲಿ ಆಲ್ಟೋ (ಹೆಂಗಸರ ಕೆಳಗಿನ ಸ್ವರ) ಹಾಡಿ ಮುದುಕಿ ಆದವಳು.

ನಮ್ಮ ಹಳೇ ಹಾಡುಗಳಲ್ಲಿ ಏನೂ ಅನ್ನಿಸುವುದಿಲ್ಲ ಅಂತ ಈಗಿನ ಮಕ್ಕಳು ಹೇಳುವಾಗ ನನಗೆ ಸ್ವಲ್ಪ ಬೇಜಾರಾಗುತ್ತದೆ. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದು ಇಳಿದರು. 1847ಕ್ಕೆ ತುಳುವಿನಲ್ಲಿ ಹೊಸ ಒಡಂಬಡಿಕೆ ಅಚ್ಚಾಗಿತ್ತು. ಜರ್ಮನ್ ರಾಗಕ್ಕೆ ಕನ್ನಡ ಮಾತು ಕೂರಿಸಿದರು, ತುಳುವಿನಲ್ಲೂ ಹಾಡು ಮಾಡಿದರು. ನಿಘಂಟಿನ ಕಿಟ್ಟೆಲ್‌ರು ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಪದ್ಯ ಮಾಡಿದವರು. ಅಂಥಾ ಹಾಡುಗಳನ್ನು ಹಂಚಿನ ಕಾರ್ಖಾನೆಯಲ್ಲಿ, ಮಗ್ಗದಲ್ಲಿ ದುಡಿದ ನಮ್ಮ ಅಜ್ಜ ಅಜ್ಜಿಯರು ಬಾಯಿಪಾಠ ಮಾಡಿಕೊಂಡರು. ಕಾಲರಾ ಬಂದಾಗಲೂ, ಮಕ್ಕಳು ಸತ್ತಾಗಲೂ ಅದನ್ನೇ ಹಾಡಿದರು. ಆ ಹಾಡುಗಳು ನಿನ್ನಲ್ಲಿ ಉತ್ಸಾಹ ಹುಟ್ಟಿಸಲು ಕಟ್ಟಿದವಲ್ಲ. ಉತ್ಸಾಹ ಇಲ್ಲದ ದಿನ ಹಿಡಿದುಕೊಳ್ಳಲು ಏನಾದರೂ ಇರಬೇಕಲ್ಲ, ಅದಕ್ಕೆ ಇರುವುದು. ನಿನ್ನ ಸ್ವಂತ ಮಾತು ಮುಗಿದಾಗ ಪುಸ್ತಕದ ಮಾತು ಸಾಲ ತೆಗೆದುಕೋ. ಅದು ನಾಟಕ ಅಲ್ಲ ಮಗಾ.

ಬಾಯಿ ಮಾತ್ರ ಆಡುತ್ತದೆ ಅಂತ ಬರೆದಿದ್ದೀಯಲ್ಲ, ಆಡಲಿ ಬಿಡು. ಬೆಂಚಿನಲ್ಲಿ ನಿನ್ನ ಅಕ್ಕಪಕ್ಕ ಇರುವವರು ನಿನ್ನ ಪಾಲಿನದ್ದನ್ನೂ ಹಾಡುತ್ತಿರುತ್ತಾರೆ. ಅವರಿಗೆ ಕಷ್ಟ ಬಂದಾಗ ನೀನು ಹಾಡುತ್ತೀ. ಸಭೆ ಅಂತ ಇರುವುದು ಮತ್ಯಾಕೆ?

ಅಪ್ಪನಿಗೆ ಗೊತ್ತಿರುವ ಹಾಡು ಯಾವುದು? ಅವರ ಹತ್ತಿರ ಕೂತು ಅದನ್ನು ಹಾಡು. ಫೋನಲ್ಲಿ ಹಾಕಬೇಡ, ನಿನ್ನ ಬಾಯಲ್ಲೇ ಹಾಡು, ಕೈ ಹಿಡಿದುಕೊಂಡು.

---

ಮಾತಿನ_ಥೆರಪಿ_ದೇರಳಕಟ್ಟೆ:

ಆಂಟಿ ಹೇಳಿದ್ದಕ್ಕೆ ನನ್ನ ಕೆಲಸದ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ. ನಾನು ಸ್ಪೀಚ್ ಥೆರಪಿಸ್ಟ್.

ಅಕ್ಕ, ನೀವು ಹೇಳಿದ ಲಕ್ಷಣ, ಅಂದರೆ ಬಲಭಾಗ ಸೋತು, ಕೇಳಿದ್ದು ಅರ್ಥವಾಗಿ, ಹೇಳಲು ಮಾತ್ರ ಪದ ಸಿಗದೆ ಇರುವುದು, ಮೆದುಳಿನ ಎಡಭಾಗಕ್ಕೆ ಪೆಟ್ಟಾದಾಗ ಕಾಣುವಂಥದ್ದು. ಇದಕ್ಕೆ ಅಫೇಸಿಯಾ ಅನ್ನುತ್ತಾರೆ. ಇಂಥವರಲ್ಲಿ ಕೆಲವರಿಗೆ ಒಂದು ಪದವೂ ಆಡಲು ಆಗದಿದ್ದರೂ ಮೊದಲಿನಿಂದ ಗೊತ್ತಿದ್ದ ಹಾಡನ್ನು ಪದಗಳ ಸಮೇತ ಹಾಡಲು ಆಗುತ್ತದೆ. ರಾಗಕ್ಕೆ ಮೆದುಳಿನ ಬಲಭಾಗವೂ ಬಹಳ ಕೆಲಸ ಮಾಡುತ್ತದೆ, ಬಾಯಿಪಾಠ ಆದದ್ದು ಹೊಸ ಮಾತಿನ ದಾರಿಯಲ್ಲಿ ಬರಬೇಕಾಗಿಲ್ಲ. ಇದನ್ನೇ ಹಿಡಿದು 1970ರ ದಶಕದಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಮೆಲೋಡಿಕ್ ಇಂಟೊನೇಷನ್ ಥೆರಪಿ ಅಂತ ಒಂದು ವಿಧಾನ ಮಾಡಿದರು. ಬೇಕಾದ ಮಾತನ್ನು ರಾಗದ ಹಾಗೆ ಎಳೆದು, ಎಡಗೈಯಲ್ಲಿ ತಾಳ ತಟ್ಟುತ್ತಾ ಹೇಳಿಸುವುದು, ಆಮೇಲೆ ರಾಗವನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡುವುದು.

ಎಲ್ಲರಿಗೂ ಆಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಹಾಡು ಬಂದ ಮಾತ್ರಕ್ಕೆ ಮಾತು ಬಂತು ಅಂತಲೂ ಅಲ್ಲ. ನಿಮ್ಮ ಥೆರಪಿಸ್ಟ್ ಹತ್ತಿರ ಖಂಡಿತ ಕೇಳಿ, ಥೆರಪಿ ಇನ್ನೂ ಶುರು ಮಾಡದಿದ್ದರೆ ಬೇಗ ಮಾಡಿ, ಮೊದಲ ತಿಂಗಳುಗಳು ಮುಖ್ಯ. ಹಾಡುವಾಗ ನಿಧಾನ ಹಾಡಿ, ಅವರಿಗೆ ಕಾಣುವ ಹಾಗೆ ಎದುರು ಕೂತು. ಪದ ತಪ್ಪಿದರೆ ತಿದ್ದಬೇಡಿ. ಸುಸ್ತಾದರೆ ನಿಲ್ಲಿಸಿ. ಅವರು ಅತ್ತರೆ ಹೆದರಬೇಡಿ, ಸ್ಟ್ರೋಕ್ ಆದವರಲ್ಲಿ ಅಳು ಸುಲಭವಾಗಿ ಬರುತ್ತದೆ, ಆದರೆ ದಿನವಿಡೀ ಮಂಕಾಗಿದ್ದರೆ ಡಾಕ್ಟರಿಗೆ ಹೇಳಿ.

---

ಮಲ್ಪೆಯವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೂ ಓದಿ ಹೇಳಿದೆ. ಪೇತ್ರ ನಿದ್ದೆ ಮಾಡುತ್ತಿದ್ದದ್ದು, ಯಾಕೋಬನ ಮಾತು, ಎರಡನ್ನೂ ಅಮ್ಮ ಎರಡು ಸಲ ಓದಿಸಿದರು.

ಮಾಸ್ಟ್ರೇ, ಕೀರ್ತನೆ 88 ನಿನ್ನೆ ರಾತ್ರಿ ಓದಿದೆ. ಇದು ಬೈಬಲಲ್ಲಿ ಉಂಟು ಅಂತಲೇ ನನಗೆ ಗೊತ್ತಿರಲಿಲ್ಲ. ಅದನ್ನೇ ಪ್ರಾರ್ಥನೆ ಅಂತ ಹೇಳಿದರೆ ಸಾಕಾ, ಅಥವಾ ಅದರ ಹಿಂದೆ ಒಂದು ಸಂತೋಷದ ಕೀರ್ತನೆ ಸೇರಿಸಬೇಕಾ?

ಸ್ಪೀಚ್ ಥೆರಪಿ ಗುರುವಾರಕ್ಕೆ ಕೇಳಿದ್ದೇನೆ. ಆಂಟಿ, ಅಪ್ಪನ ಹಾಡು ಯಾವುದು ಅಂತ ಅಮ್ಮನಿಗೆ ಗೊತ್ತು. ಅದರಲ್ಲಿ ಬೇಸ್ ಒಬ್ಬರೇ ಹಾಡುವ ಎರಡು ಸಾಲು ಉಂಟಂತೆ. ನನ್ನ ಗಂಟಲಿಗೆ ಅದು ಕೆಳಗೆ ಹೋಗುವುದಿಲ್ಲ.

---

ಶಿರ್ವದ_ಮಾಸ್ಟ್ರು:

ಸಾಕು ಮಗಳೇ. ಸೇರಿಸಲೇಬೇಕು ಅಂತ ಏನಿಲ್ಲ. ಸಂತೋಷದ್ದು ಬೇಕು ಅನ್ನಿಸಿದ ದಿನ ಪುಟ ತಿರುಗಿಸಿ.

---

ಬಲ್ಮಠದ_ಆಂಟಿ:

ನೀನು ಯಾವ ಶ್ರುತಿಯಲ್ಲಿ ಬರುತ್ತದೋ ಅದರಲ್ಲಿ ಹಾಡು. ಬೇಸ್‌ಗೆ ಜನ ಬೇಕಾದರೆ ನಿಮ್ಮ ಚರ್ಚಿನ ಕೊಯರ್‌ನವರಿಗೆ ಹೇಳು, ಶನಿವಾರ ಸಂಜೆ ಅಭ್ಯಾಸವನ್ನು ನಿಮ್ಮ ಮನೆಯಲ್ಲೇ ಮಾಡಲಿ. ಅಪ್ಪನ ಜೊತೆ ಹಾಡಿದವರೇ ಅಲ್ವಾ, ಕರೆದರೆ ಬರುತ್ತಾರೆ. ಚಹಾ ಮಾಡುವ ಗಡಿಬಿಡಿ ಬೇಡ, ಅದನ್ನು ಅವರೇ ಫ್ಲಾಸ್ಕಲ್ಲಿ ತರಲಿ ಅಂತ ನಾನು ಹೇಳಿದೆ ಅಂತ ಹೇಳು.